ಮಹಾಮಾರಿಯ ಕಾಲದಲ್ಲಿ ‘ಡಾಕ್‌ಘರ್’

ಮಹಾಮಾರಿಯು ಊರನ್ನು ಹೊಕ್ಕಿರುವಾಗ ಮಕ್ಕಳಿಂದ ನಾಟಕವಾಡಿಸುವುದು ಉಚಿತವೆ? ಉಚಿತವೆಂದರೆ ಎಂಥ ನಾಟಕವನ್ನು? ಕೊರೋನಾ ಜಾಡ್ಯದ ನಿಮಿತ್ತ 2020ರ ಮಾರ್ಚ್ ತಿಂಗಳಲ್ಲಿ ನಮ್ಮ ನಾಡಿನ ಶಾಲೆಗಳು ಮುಚ್ಚಿದುದು ವಾಚಕರಿಗೆ ನೆನಪಿರಬಹುದು. ಎರಡನೆಯ ಅಲೆ ಇಳಿದು 2021ರ ಆಗಸ್ಟಿನಲ್ಲಿ ಪ್ರೌಢಶಾಲೆಗಳು ಮತ್ತೆ ತೆರೆದಾಗ, ಒಂದು ಶಾಲೆಯ ಉಪಾಧ್ಯಾಯರು ನನ್ನಲ್ಲಿಗೆ ಬಂದು, ರವೀಂದ್ರನಾಥ ಠಾಕೂರರ ‘ಡಾಕ್‌ಘರ್’ ನಾಟಕವನ್ನು ಆಡಿಸುವ ಆಲೋಚನೆಯನ್ನು ತಿಳಿಸಿದರು. ನಾನು ಬೇಡವೆಂದೆ. ರಂಗದ ಮೇಲೆ ನಾಯಕನ ಮರಣವನ್ನು ತೋರಬಾರದೆಂದು ನಮ್ಮ ಲಾಕ್ಷಣಿಕರು ವಿಧಿಸಿರುವರು. ಮೇಲಾಗಿ, ಅದೇ ವರ್ಷ ಮನೆಯ ಹಿರಿಯರನ್ನು ಕಳೆದುಕೊಂಡ ಮಕ್ಕಳು ಆ ಶಾಲೆಯಲ್ಲಿದ್ದರು. ಯಾವುದಾದರೊಂದು ಪ್ರಹಸನವನ್ನು ಆಡಿಸಿರೆಂದು ಸಲಹೆಯಿತ್ತೆ. ಅವರು ವಿನಯದಿಂದ ಕೇಳಿಕೊಂಡು ಹೋಗಿ, ‘ಡಾಕ್‌ಘರ’ನ್ನೇ ಆಡಿಸಿದರು. ವರ್ಷದ ಕೊನೆಯಲ್ಲಿ, ಶಾಲೆಯ ಅಂಗಳದಲ್ಲಿ ದೂರ ದೂರ ಹಾಕಿದ್ದ ಬೆಂಚುಗಳಲ್ಲೊಂದರ ಮೇಲೆ ಮುಖಗವಸು ಧರಿಸಿ ಕುಳಿತು ಅದನ್ನು ನೋಡಿದೆ. ನನ್ನ ಸಲಹೆ ತಪ್ಪೆಂದು ಅಂದು ತಿಳಿಯಿತು. ಅದೇಕೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಕಥೆ ಚಿಕ್ಕದು. ಅಮಲನು ರೋಗಿಯಾದ ಬಾಲಕ. ಶರತ್ಕಾಲದ ಬಿಸಿಲಾಗಲಿ ಗಾಳಿಯಾಗಲಿ ಅವನಿಗೆ ತಾಕಕೂಡದೆಂಬುದು ವೈದ್ಯನ ಕಟ್ಟಪ್ಪಣೆ. ಸಾಕುತಂದೆಯಾದ ಮಾಧವನು ಅದನ್ನು ಅಕ್ಷರಶಃ ಪಾಲಿಸುತ್ತಾನೆ. ಹುಡುಗನಿಗೆ ಉಳಿದುದು ಒಂದು ಕಿಟಕಿ ಮಾತ್ರ. ಅದರಾಚೆ ರಾಜನ ಅಂಚೆಮನೆ ತೆರೆದಿದೆ. ತನಗೂ ರಾಜನಿಂದ ಕಾಗದ ಬಂದೀತೆಂದು ಅವನು ಕಾಯುತ್ತಾನೆ. ಕೊನೆಗೆ ರಾಜವೈದ್ಯನು ಬಂದು ಬಾಗಿಲು ಕಿಟಕಿಗಳನ್ನೆಲ್ಲ ತೆರೆಸಿ, ದೀಪವನ್ನು ಆರಿಸಿ, ನಕ್ಷತ್ರಗಳ ಬೆಳಕನ್ನು ಒಳಗೆ ಬರಗೊಡುತ್ತಾನೆ. ಅಮಲನು ನಿದ್ರಿಸುತ್ತಾನೆ.

ಈ ನಿದ್ರೆಯನ್ನೇ ನಾಟಕದ ಸಾರವೆಂದು ನಾನು ಬಗೆದಿದ್ದೆ. ಸಾರವಿರುವುದು ಕಿಟಕಿಯ ಬಳಿಯಲ್ಲಿ. ದಾರಿಹೋಕರು ಹುಡುಗನ ಮೇಲಣ ಮರುಕದಿಂದ ನಿಲ್ಲುತ್ತಾರೆ. ಹೊರಡುವಾಗ ಅವನಿಂದಲೇ ಏನನ್ನೋ ಪಡೆದುಕೊಂಡು ಹೊರಡುತ್ತಾರೆ. ಮೊಸರು ಮಾರುವವನಿಗೆ ತನ್ನ ಕಸುಬಿನಲ್ಲಿ ಎಷ್ಟು ಸಂತೋಷವಿದೆಯೆಂಬುದು ಈ ರೋಗಿಯ ಮಾತಿನಿಂದ ತಿಳಿಯುತ್ತದೆ. ತನ್ನ ಆಟಿಕೆಗಳನ್ನು ಅಮಲನು ಬೀದಿಯ ಹುಡುಗರಿಗೆ ಕೊಟ್ಟು, ತನ್ನೆದುರಿಗೆ ಆಡಿರೆಂದು ಬೇಡುತ್ತಾನೆ. ಪಂಡಿತನಾಗೆಂದರೆ ಒಲ್ಲೆನೆನ್ನುತ್ತಾನೆ, ಲೋಕವನ್ನೆಲ್ಲ ನೋಡಬೇಕೆನ್ನುತ್ತಾನೆ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನನಗೆ ಈ ಮಾತು ಚುರುಕ್ಕೆನ್ನಿಸಿತೆಂದು ಒಪ್ಪಿಕೊಳ್ಳಬೇಕು.

ಇದಕ್ಕಿಂತ ಎಷ್ಟೋ ಘೋರವಾದ ಸನ್ನಿವೇಶದಲ್ಲಿಯೂ ಮಕ್ಕಳು ಈ ನಾಟಕವನ್ನು ಆಡಿದ್ದುಂಟು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳು ಪೋಲೆಂಡಿನ ವಾರ್ಸಾ ನಗರದ ಯಹೂದ್ಯರನ್ನು ಗೋಡೆಯೊಳಗೆ ಕೂಡಿಹಾಕಿದ್ದರು. ಹಸಿವೂ ಟೈಫಸ್ ಜ್ವರವೂ ಅಲ್ಲಿ ಸಹಸ್ರಾರು ಮಂದಿಯನ್ನು ಬಲಿಗೊಂಡವು. ಆ ಗೋಡೆಯೊಳಗೆ ಅನಾಥಾಲಯವನ್ನು ನಡೆಸುತ್ತಿದ್ದ ವೈದ್ಯರೂ ಶಿಕ್ಷಕರೂ ಆದ ಯಾನುಷ್ ಕೊರ್ಚಾಕರು 1942ರ ಜುಲೈ 18ರಂದು ತಮ್ಮ ಮಕ್ಕಳಿಂದ ಇದನ್ನು ಆಡಿಸಿದರು. ಆಗಸ್ಟಿನ ಮೊದಲ ವಾರದಲ್ಲಿ ಸುಮಾರು 200 ಮಕ್ಕಳೊಡನೆ ಅವರನ್ನೂ ಟ್ರೆಬ್ಲಿಂಕಾ ಎಂಬ ವಧಾಸ್ಥಾನಕ್ಕೆ ಒಯ್ದರು. ತಮ್ಮೊಬ್ಬರ ಪ್ರಾಣವನ್ನು ಉಳಿಸಿಕೊಳ್ಳಲು ಅವರು ಒಪ್ಪಲಿಲ್ಲ. ನಮ್ಮ ಜಾಡ್ಯವನ್ನು ಆ ಮನುಷ್ಯಕೃತ ಕ್ರೌರ್ಯಕ್ಕೆ ಹೋಲಿಸುವುದು ಅವಿವೇಕ. ಆದರೆ ಅಂಥ ಗುರುವು ಅಂಥ ಸಮಯದಲ್ಲಿ ಪ್ರಹಸನವನ್ನು ಬಿಟ್ಟು ಇದನ್ನೇಕೆ ಆರಿಸಿದರೆಂಬುದು ನನ್ನಂತಹ ಸಲಹೆಗಾರರು ವಿಚಾರಮಾಡಬೇಕಾದ ಸಂಗತಿ.

ದುಃಖಾರ್ತರಿಗೂ ಶ್ರಮಾರ್ತರಿಗೂ ನಾಟ್ಯವು ವಿಶ್ರಾಂತಿಯನ್ನೀಯುವುದೆಂದು ಭರತಮುನಿಯ ಮತ. ವಿಶ್ರಾಂತಿಯನ್ನು ವಿಸ್ಮೃತಿಯೆಂದು ತಿಳಿದುದೇ ನನ್ನ ದೋಷ. ದುಃಖವನ್ನು ಹತ್ತು ಜನರ ನಡುವೆ ಇಳಿಸಿ, ಕಣ್ಣಿಟ್ಟು ನೋಡುವುದೂ ವಿಶ್ರಾಂತಿಯೇ. ಲಾಕ್ಷಣಿಕರ ನಿಷೇಧಕ್ಕೂ ಇಲ್ಲಿ ಭಂಗವಿಲ್ಲ. ಅಮಲನು ಸತ್ತನೆಂದು ಕೊನೆಯ ದೃಶ್ಯದಲ್ಲಿ ಯಾರೂ ಹೇಳುವುದಿಲ್ಲ. ಕರುಣವು ಶಾಂತದಲ್ಲಿ ನೆಲೆಗೊಳ್ಳುತ್ತದೆ.

ಪ್ರಯೋಗವು ನಿರ್ದುಷ್ಟವಾಗಿತ್ತೆಂದು ಹೇಳಲಾರೆ. ಕೊನೆಯಲ್ಲಿ ಪಿಟೀಲಿನ ಅಳುದನಿಯೇಕೆ? ಮಾಧವನು ಎದೆ ಬಡಿದುಕೊಂಡದ್ದೇಕೆ? ಕವಿಯು ಬರೆಯದ ಆ ಅಳು, ನಕ್ಷತ್ರಗಳ ಬೆಳಕಿಗೆ ಪರದೆ ಹಾಕಿದಂತಾಯಿತು. ಊರ ಮುಖಂಡನ ಪಾತ್ರವು ಬರಿಯ ಕೋಡಂಗಿಯಾದುದೂ ಸರಿಯಲ್ಲ. ಅವನು ಪರಿಹಾಸಕ್ಕಾಗಿ ಕೊಟ್ಟ ಖಾಲಿ ಕಾಗದವನ್ನು ಮುದುಕ ಠಾಕೂರ್ದಾ ರಾಜನ ಓಲೆಯೆಂದೇ ಓದುವಲ್ಲಿ ನಾಟಕದ ಮರ್ಮವಿದೆ. ಮುಖಂಡನ ಕುಹಕದಲ್ಲಿ ಕಾವಿಲ್ಲದಿದ್ದರೆ ಆ ಮರ್ಮವು ಪ್ರೇಕ್ಷಕನಿಗೆ ಮುಟ್ಟುವುದಿಲ್ಲ.

ಆದರೆ ಮೊಸರಿನವನ ವೇಷ ಹಾಕಿದ ಹುಡುಗನ ಕುರಿತು ಹೇಳದೆ ಮುಗಿಸಲಾರೆ. ಅವನು ಆ ಬೇಸಗೆಯಲ್ಲಿಯೇ ತಂದೆಯನ್ನು ಕಳೆದುಕೊಂಡವನು. ಕಿಟಕಿಯ ಬಳಿ ಗಡಿಗೆಯನ್ನಿಳಿಸಿ, ದುಡ್ಡು ಬೇಡವೆಂದು ಮೊಸರನ್ನು ನೀಡುವಾಗ ಅವನ ದನಿ ಸ್ಥಿರವಾಗಿತ್ತು. ಒಂದೂವರೆ ವರ್ಷ ಎಲ್ಲರಿಂದ ಅನುಕಂಪವನ್ನು, ಅಕ್ಕಿಬೇಳೆಯನ್ನು, ಸಲಹೆಗಳನ್ನು ಪಡೆಯುತ್ತಲೇ ಇದ್ದ ಮಕ್ಕಳಿಗೆ ಅಂದು ಊರಿಗೆ ತಾವೇ ಕೊಡುವಂಥದೊಂದು ಸಿಕ್ಕಿತ್ತು. ಸಂಕಟದ ಕಾಲದಲ್ಲಿ ನಾಟಕವನ್ನು ಆರಿಸುವ ಉಪಾಧ್ಯಾಯ ಬಂಧುಗಳು, ಇದು ಮಕ್ಕಳನ್ನು ನಗಿಸುವುದೆ ಎಂದು ಕೇಳುವ ಮುನ್ನ, ಇದರಲ್ಲಿ ಅವರು ಕೊಡುವುದೇನಾದರೂ ಉಂಟೆ ಎಂದು ಕೇಳಬೇಕೆಂಬುದು, ಒಮ್ಮೆ ತಪ್ಪು ಸಲಹೆಯಿತ್ತ ಈ ವೃದ್ಧನ ಬಿನ್ನಹ.