ಆಕ್ಸೈಡ್ ಪೊರೆಯ ಸಾಕ್ಷ್ಯ: ಹೋರ್–ವುಡ್ ಲೇಖನದ ಒಂದು ವಿಮರ್ಶೆ

ಅಲ್ಯೂಮಿನಿಯಂ ಲೋಹದ ಮೇಲೆ ವಿದ್ಯುತ್ತಿನಿಂದ ಬೆಳೆಸುವ ಆಕ್ಸೈಡ್ ಪೊರೆಯ ರಂಧ್ರಗಳನ್ನು ಮುಚ್ಚುವ ಕ್ರಿಯೆಯನ್ನು ಕುರಿತು ಟಿ. ಪಿ. ಹೋರ್ ಮತ್ತು ಜಿ. ಸಿ. ವುಡ್ ಅವರು 1962ರಲ್ಲಿ ಪ್ರಕಟಿಸಿದ ಲೇಖನವನ್ನು ರಸಾಯನಶಾಸ್ತ್ರಜ್ಞರ ಸೊತ್ತೆಂದು ಇತಿಹಾಸದ ವಿದ್ಯಾರ್ಥಿಗಳು ಬದಿಗಿಡುವುದು ಸಹಜ. ಆದರೆ ಕಣ್ಣಿಗೆ ಕಾಣದುದನ್ನು ಪರೋಕ್ಷ ಸಾಕ್ಷ್ಯದಿಂದ ನಿರ್ಣಯಿಸುವ ಬಗೆ ಎಂತು, ಅದರ ಮಿತಿ ಎಲ್ಲಿ ಎಂಬ ಪ್ರಶ್ನೆ ಇತಿಹಾಸಕಾರನದೂ ಹೌದು.

ಗಂಧಕಾಮ್ಲದಲ್ಲಿ ಬೆಳೆದ ಪೊರೆಗೆ ಎರಡು ಅಂಗಗಳುಂಟು: ಲೋಹಕ್ಕೆ ಅಂಟಿದ, ರಂಧ್ರರಹಿತವಾದ ತೆಳು ತಡೆಪದರ, ಅದರ ಮೇಲೆ ರಂಧ್ರಮಯವಾದ ದಪ್ಪ ಪದರ. ಜಪಾನಿನ ಸೆಟೊ ಮತ್ತು ಮಿಯಾಟ ಅವರು 1932ರಲ್ಲಿಯೇ ಇದನ್ನು ಪ್ರತಿಪಾದಿಸಿದ್ದರು. 1953ರಲ್ಲಿ ಕೆಲರ್, ಹಂಟರ್, ರಾಬಿನ್ಸನ್ ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಷಟ್ಕೋನ ಕೋಶಗಳ ರಚನೆಯನ್ನು ನಿರೂಪಿಸಿದರು. 15 ವೋಲ್ಟಿನಲ್ಲಿ ಬೆಳೆದ ಪೊರೆಯ ತಡೆಪದರ ಸುಮಾರು 150 ಆಂಗ್‌ಸ್ಟ್ರಾಮ್. ಮೇಲಿನ ಪದರವು ಅದರ ಸಾವಿರ ಮಡಿ ದಪ್ಪವಿರಬಹುದು. ಆದರೂ ಪರ್ಯಾಯ ಪ್ರವಾಹವನ್ನು ಹರಿಸಿ ಇಂಪೀಡೆನ್ಸನ್ನು ಅಳೆದಾಗ ತೆಳುಪದರದ್ದೇ ಮೇಲುಗೈ. ಅದು ಚದರ ಸೆಂಟಿಮೀಟರಿಗೆ ಸುಮಾರು ಅರ್ಧ ಮೈಕ್ರೊಫ್ಯಾರಡಿನ ಧಾರಕದಂತೆ ವರ್ತಿಸುತ್ತದೆ. ರಂಧ್ರಗಳಲ್ಲಿ ವಾಹಕ ದ್ರಾವಣ ತುಂಬಿರುವುದರಿಂದ ದಪ್ಪ ಪದರವು ಅಳತೆಗೆ ಅಷ್ಟಾಗಿ ಸಿಕ್ಕುವುದಿಲ್ಲ. ಕುದಿನೀರಿನಲ್ಲಿ ಆ ರಂಧ್ರಗಳು ಜಲಯುಕ್ತ ಆಕ್ಸೈಡಿನಿಂದ ಮುಚ್ಚಿಕೊಂಡಂತೆ ಅದರ ರೋಧವೂ ಏರುತ್ತದೆ. ಪೊರೆಯನ್ನು ಕೆಡಿಸದೆ ಈ ಮಾರ್ಪಾಟನ್ನು ಹಂತಹಂತವಾಗಿ ಅನುಸರಿಸಿದ್ದೇ ಈ ಲೇಖನದ ಹಿರಿಮೆ.

ಆಕ್ಷೇಪಕ್ಕೆ ಎಡೆಯಿರುವುದು ವ್ಯಾಖ್ಯಾನದಲ್ಲಿ. ಅಳತೆಗಳಿಗೆ ಅರ್ಥ ಹೇಳಲು ರೋಧಕ, ಧಾರಕಗಳ ಸಮಾನಮಂಡಲವೊಂದನ್ನು ಕಲ್ಪಿಸಲಾಗಿದೆ. ಆದರೆ ಬೇರೆ ಬೇರೆ ರೀತಿಯಲ್ಲಿ ಜೋಡಿಸಿದ ಮಂಡಲಗಳು ಎಲ್ಲ ಆವರ್ತಾಂಕಗಳಲ್ಲಿಯೂ ಒಂದೇ ಇಂಪೀಡೆನ್ಸನ್ನು ಕೊಡಬಲ್ಲವು. ಮೇಲಾಗಿ, ಧಾರಕತೆಯಿಂದ ತಿಳಿಯುವುದು ಪರಾವೈದ್ಯುತ ಸ್ಥಿರಾಂಕಕ್ಕೂ ದಪ್ಪಕ್ಕೂ ಇರುವ ಪ್ರಮಾಣ ಮಾತ್ರ; ಒಂದನ್ನು ಬೇರೆಡೆಯಿಂದ ತಾರದೆ ಇನ್ನೊಂದು ದೊರೆಯದು. ಶಾಸನದಲ್ಲಿ ಅಳಿದ ಅಕ್ಷರಗಳನ್ನು ಸಂಪಾದಕನು ಕಂಸದೊಳಗೆ ತುಂಬುತ್ತಾನೆ. ಮುಂದಿನವರು ಕಂಸವನ್ನು ಬಿಟ್ಟು ಉದ್ಧರಿಸಿದರೆ ಊಹೆಯೇ ಪಾಠವಾಗಿಬಿಡುತ್ತದೆ. ಮಂಡಲದ ಒಂದೊಂದು ಅಂಗಕ್ಕೂ ಪೊರೆಯ ಒಂದೊಂದು ಭಾಗದ ಹೆಸರಿಡುವಲ್ಲಿಯೂ ಇದೇ ಅಪಾಯವುಂಟು.

ಇಷ್ಟರಿಂದ ಲೇಖನದ ಬೆಲೆ ಕುಂದದು. ಅದರ ಮಂಡಲಕ್ಕೆ ಬಲವಿರುವುದು ಸೂಕ್ಷ್ಮದರ್ಶಕವೆಂಬ ಸ್ವತಂತ್ರ ಆಕರವು ಎರಡು ಪದರಗಳನ್ನು ಸಮರ್ಥಿಸುವುದರಿಂದ. ಇಂಪೀಡೆನ್ಸ್ ಒಂದರಿಂದಲೇ ಆ ನಿರ್ಣಯ ಸಾಧ್ಯವಾಗುತ್ತಿರಲಿಲ್ಲ. ರಂಧ್ರಗಳು ಚೆನ್ನಾಗಿ ಮುಚ್ಚಿವೆಯೇ ಎಂದು ಪರೀಕ್ಷಿಸಲು ಅಂತರರಾಷ್ಟ್ರೀಯ ಮಾನಕವೊಂದು ಇಂಪೀಡೆನ್ಸಿನ ವಿಲೋಮವಾದ ಅಡ್ಮಿಟೆನ್ಸನ್ನು ಅಳೆಯುವ ವಿಧಾನವನ್ನು ವಿಧಿಸಿದೆ. ಆ ಪರೀಕ್ಷೆಗೆ ಮಂಡಲದ ಕಲ್ಪನೆಯೇ ಬೇಡ. ಆದುದರಿಂದ ಅಳತೆಯನ್ನು ಆಕರವೆಂದೂ ಮಂಡಲವನ್ನು ವ್ಯಾಖ್ಯಾನವೆಂದೂ ಬೇರ್ಪಡಿಸಿಯೇ ಈ ಲೇಖನವನ್ನು ಓದತಕ್ಕದ್ದು.