ಫೆಲಿಸಿತೆ ಯಾರಿಗೆ ವಿಧೇಯಳು?

'ಇಂತಿ ತಮ್ಮ ವಿಧೇಯ ವಿದ್ಯಾರ್ಥಿ' ಎಂದು ರಜಾ ಅರ್ಜಿ ಬರೆದು, ಸಿನೆಮಾಕ್ಕೆ ಹೋದವರು ನಾವು. ಹಾಗಾಗಿ ವಿಧೇಯತೆ ಎಂಬ ಪದದ ಮೇಲೆ ನಮಗೆ ಅಂಥ ಗೌರವವೇನೂ ಇರಲಿಲ್ಲ. ಕ್ರೈಸ್ತರು ಅದನ್ನು ನಂಬಿಕೆಯ ಜೊತೆಗಿಟ್ಟು ಮಾತಾಡುವಾಗ ಮುಜುಗರವೇ ಆಗುತ್ತಿತ್ತು. ಹೇಳಿದ್ದನ್ನು ಹೇಳಿದಂತೆ ಮಾಡುವುದೇ ಭಕ್ತಿಯಾದರೆ ನಮ್ಮ ಕಂಪ್ಯೂಟರಿಗಿಂತ ದೊಡ್ಡ ಭಕ್ತನಿಲ್ಲ!

ಈ ಮುಜುಗರವನ್ನು ಅಲುಗಾಡಿಸಿದ್ದು ಗುಸ್ತಾವ್ ಫ್ಲಾಬೇರನ 'ಒಂದು ಸರಳ ಹೃದಯ'. 1877ರಲ್ಲಿ ಪ್ರಕಟವಾದ ಈ ನೀಳ್ಗತೆಯ ನಾಯಕಿ ಫೆಲಿಸಿತೆ, ಫ್ರಾನ್ಸಿನ ನಾರ್ಮಂಡಿಯ ಒಂದು ಸಣ್ಣ ಊರಿನಲ್ಲಿ ಮದಾಂ ಒಬ್ಯಾಂ ಎಂಬ ವಿಧವೆಯ ಮನೆಗೆಲಸದಾಕೆ. ವರ್ಷಕ್ಕೆ 100 ಫ್ರಾಂಕ್ ಸಂಬಳ, ಅರ್ಧ ಶತಮಾನದ ದುಡಿಮೆ. ಯಜಮಾನಿಯೋ ಅಷ್ಟೇನೂ ಒಳ್ಳೆಯ ಸ್ವಭಾವದವಳಲ್ಲ.

ಮೊದಲ ಸಲ ಓದಿದಾಗ ನಮಗೆ ಬಂದದ್ದು ಸಿಟ್ಟು. ದೂರದಲ್ಲಿರುವ ಮಗಳಿಂದ ನಾಲ್ಕು ದಿನ ಸುದ್ದಿ ಬರಲಿಲ್ಲವೆಂದು ಯಜಮಾನಿ ಚಡಪಡಿಸುತ್ತಾಳೆ. ಹಡಗಿನಲ್ಲಿ ಹೋದ ತನ್ನ ಸೋದರಿಯ ಮಗನ ಸುದ್ದಿ ಬಾರದೆ ಆರು ತಿಂಗಳಾಯಿತು ಎಂದು ಫೆಲಿಸಿತೆ ಸಮಾಧಾನ ಹೇಳಿದರೆ, ಯಾರ ಸುದ್ದಿ ಎಂಬುದೇ ಆಕೆಗೆ ಹೊಳೆಯುವುದಿಲ್ಲ. ಆಮೇಲೆ ಅವನು ಸತ್ತ ಸುದ್ದಿ ಬರುತ್ತದೆ. ಆ ಹೊತ್ತಿಗೆ ಅಂಗಳದಲ್ಲಿ ಬಟ್ಟೆ ಹೊತ್ತ ಹೆಂಗಸರು ಹಾದುಹೋಗುತ್ತಾರೆ. ತನಗೂ ಒಗೆಯುವುದಿದೆ ಎಂದು ನೆನಪಾಗಿ ಈಕೆ ಹೊಳೆಗೆ ಹೋಗಿ ಬಟ್ಟೆ ಬಡಿಯುತ್ತಾಳೆ. ಅಳು ರಾತ್ರಿಗೆ. ಇದನ್ನು ಭಕ್ತಿ ಎನ್ನುವುದು ಹೇಗೆ? ನಾವಂತೂ ಜೀತ ಎಂದುಕೊಂಡೆವು. (ಊರಿನ ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಪಾತ್ರೆ ತೊಳೆದಾಕೆಯ ಮಗನ ಹೆಸರು ನಮಗೆ ಇಂದಿಗೂ ಗೊತ್ತಿಲ್ಲ. ಸಿಟ್ಟಿಗೆ ಅದೂ ಕಾರಣವಿರಬೇಕು.)

ಎರಡನೇ ಓದಿನಲ್ಲಿ ಕಣ್ಣಿಗೆ ಬಿದ್ದದ್ದು ಬೇರೆ. ಯಜಮಾನಿಯ ಮಗಳನ್ನು ಪಾಠಕ್ಕೆಂದು ಚರ್ಚಿಗೆ ಕರೆದೊಯ್ದು ಕೂತಲ್ಲಿ ಫೆಲಿಸಿತೆಗೆ ಧರ್ಮಸಿದ್ಧಾಂತ ಅರ್ಥವಾಗುವುದಿಲ್ಲ, ನಿದ್ದೆ ಬರುತ್ತದೆ. ಆದರೆ ಬಿತ್ತನೆ, ಸುಗ್ಗಿ, ಕುರಿಮರಿ ಇವೆಲ್ಲ ಅವಳು ಕಂಡವೇ. ಬಡವರ ನಡುವೆ ಕೊಟ್ಟಿಗೆಯಲ್ಲಿ ಹುಟ್ಟಿದವನನ್ನು ಯಾಕೆ ಕೊಂದರೆಂದು ಅಳುತ್ತಾಳೆ. ಎಷ್ಟೋ ಪುಟಗಳ ನಂತರ ಕೊಲ್ಮಿಷ್ ಎಂಬ ಮುದುಕ ಬರುತ್ತಾನೆ. ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಘೋರ ಕೃತ್ಯ ಮಾಡಿದವನೆಂಬ ಅಪವಾದ ಹೊತ್ತವನು, ಹುಡುಗರು ಕಲ್ಲೆಸೆಯುತ್ತಾರೆ, ತೋಳಿನ ಮೇಲೆ ದೊಡ್ಡ ಗೆಡ್ಡೆ, ಇರುವುದು ಹಾಳುಬಿದ್ದ ಹಂದಿಗೂಡಿನಲ್ಲಿ. ಫೆಲಿಸಿತೆ ಅವನಿಗೆ ಬಟ್ಟೆ ಒದಗಿಸುತ್ತಾಳೆ, ಗೂಡು ಗುಡಿಸಲು ನೋಡುತ್ತಾಳೆ, ಹುಲ್ಲಿನ ಕಟ್ಟಿನ ಮೇಲೆ ಬಿಸಿಲಿಗೆ ಕೂರಿಸುತ್ತಾಳೆ. ಇದನ್ನು ಮಾಡೆಂದು ಯಜಮಾನಿ ಹೇಳಿರಲಿಲ್ಲ. ಅದೇ ಕೈ, ಅದೇ ಕೆಲಸ; ಅಪ್ಪಣೆ ಮಾತ್ರ ಬೇರೆ ಕಡೆಯಿಂದ ಬಂದದ್ದು. ಕೊಟ್ಟಿಗೆಗೂ ಹಂದಿಗೂಡಿಗೂ ಫ್ಲಾಬೇರ್ ಗೆರೆ ಎಳೆದು ತೋರಿಸುವುದಿಲ್ಲ. ತಾನು ಭಕ್ತನಲ್ಲದವನಿಗೆ ಇಂಥ ಸಂಯಮ ಸುಲಭವೇನೋ. ಭಕ್ತ ಲೇಖಕನಾಗಿದ್ದರೆ ಖಂಡಿತ ಎಳೆದುಬಿಡುತ್ತಿದ್ದ.

ಹಾಗೆಂದು ಎಲ್ಲ ಒಪ್ಪಿದೆವೆಂದಲ್ಲ. ಯಜಮಾನಿಯ ಮೇಲೆ ಇವಳಿಗಿದ್ದ ನಿಷ್ಠೆಯನ್ನು ಫ್ಲಾಬೇರ್ ಪ್ರಾಣಿಯ ನಿಷ್ಠೆಗೆ ಹೋಲಿಸುವುದು ಈಗಲೂ ಚುಚ್ಚುತ್ತದೆ. ಸಾಯುವಾಗ ಅವಳಿಗೆ ಕಾಣುವ ದೈತ್ಯ ಗಿಳಿಯ ಬಗ್ಗೆ ವಿಮರ್ಶಕರು ಬೇಕಾದಷ್ಟು ಬರೆದಿದ್ದಾರೆ. ಜೂಲಿಯನ್ ಬಾರ್ನ್ಸ್ 1984ರಲ್ಲಿ ಆ ಗಿಳಿಯ ಬೆನ್ನು ಹತ್ತಿ ಕಾದಂಬರಿಯನ್ನೇ ಬರೆದ. ಗಿಳಿ ಈ ಮನೆಗೆ ಬಂದದ್ದು ಕೊಲ್ಮಿಷ್ ಸತ್ತ ದಿನವೇ. ನಮ್ಮ ಓದು ಮಾತ್ರ ಮತ್ತೆ ಮತ್ತೆ ಹಿಂದಿನ ಪುಟಕ್ಕೆ, ಆ ಹುಲ್ಲಿನ ಕಟ್ಟಿನ ಹತ್ತಿರಕ್ಕೇ ಹೋಗುತ್ತದೆ.