ಕರಗಿದ ಬೆಳ್ಳಿಯ ಲೆಕ್ಕ

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಲು ನಮ್ಮ ಮನೆಯಲ್ಲಿರುವ ಮರದ ಅಚ್ಚುಗಳು ನಮ್ಮ ಅತ್ತೆಯವರ ಕಾಲದವು. ಅವುಗಳಲ್ಲಿ ಗಿಣಿಯ ಅಚ್ಚು ಯಾವ ವರ್ಷವೋ ಕೈಜಾರಿ ಬಿದ್ದು, ಕೊಕ್ಕಿನ ಹತ್ತಿರ ಸೀಳು ಬಿಟ್ಟಿದೆ. ಹೀಗಾಗಿ ಅದರಲ್ಲಿ ಹುಯ್ದ ಪ್ರತಿ ಗಿಣಿಗೂ ಕೊಕ್ಕಿನ ಮೇಲೆ ಕೂದಲೆಳೆಯಷ್ಟು ಸಣ್ಣ ಉಬ್ಬುಗೆರೆ. ಯಾರ ಮನೆಯ ಎಳ್ಳಿನ ತಟ್ಟೆಯಲ್ಲಿ ಕಂಡರೂ ಅದು ನಮ್ಮ ಮನೆಯ ಗಿಣಿ ಎಂದು ಹೇಳಬಲ್ಲೆ.

ಪ್ರಾಚೀನ ಗ್ರೀಕರ ಬೆಳ್ಳಿ ನಾಣ್ಯಗಳನ್ನು ಅಭ್ಯಾಸ ಮಾಡುವವರ ವಿದ್ಯೆಯೂ ಇದೇ ಎಂದು ತಿಳಿದದ್ದು ನನ್ನ ಮಗಳಿಂದ. ಇತಿಹಾಸ ಓದುವ ಅವಳು ರಜೆಗೆ ಬಂದಾಗ ಒಂದು ಕಟ್ಟು ಲೇಖನಗಳನ್ನು ಬಿಟ್ಟು ಹೋದಳು. ಮಧ್ಯಾಹ್ನದ ಬಿಡುವಿನಲ್ಲಿ ಒಂದೊಂದಾಗಿ ಓದಿದೆ. ಒಪ್ಪಿಗೆಯೂ ಹುಟ್ಟಿತು, ತಕರಾರೂ ಹುಟ್ಟಿತು.

ಅಥೆನ್ಸಿನ ನಾಲ್ಕು ದ್ರಾಕ್ಮದ ನಾಣ್ಯವನ್ನೇ ತೆಗೆದುಕೊಳ್ಳಿ. ಸುಮಾರು 17 ಗ್ರಾಂ ಬೆಳ್ಳಿ. ಒಂದು ಕಡೆ ಅಥೀನಾ ದೇವಿಯ ಮುಖ, ಇನ್ನೊಂದು ಕಡೆ ಗೂಬೆ. ದೇವಿಯ ಅಚ್ಚನ್ನು ಅಡಿಗಲ್ಲಿನಲ್ಲಿ ಕೂರಿಸಿ, ಮೇಲೆ ಬೆಳ್ಳಿಯ ಬಿಲ್ಲೆಯಿಟ್ಟು, ಗೂಬೆಯ ಅಚ್ಚನ್ನು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅಚ್ಚುಗಳನ್ನು ಕೈಯಲ್ಲಿ ಕೊರೆಯುತ್ತಿದ್ದುದರಿಂದ ಒಂದರ ಹಾಗೆ ಇನ್ನೊಂದಿಲ್ಲ. ಇಂದಿನ ವಿದ್ವಾಂಸರು ನಾಣ್ಯಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಯಾವುದು ಯಾವ ಅಚ್ಚಿನದು ಎಂದು ಗುರುತಿಸುತ್ತಾರೆ. ನೂರು ನಾಣ್ಯ ನೋಡಿದಾಗ ಹತ್ತೇ ಅಚ್ಚುಗಳು ಮತ್ತೆ ಮತ್ತೆ ಬಂದರೆ, ಕಾಣದೆ ಉಳಿದವು ಹೆಚ್ಚಿರಲಾರವು. ನೂರರಲ್ಲಿ ತೊಂಬತ್ತೂ ಬೇರೆಬೇರೆ ಅಚ್ಚಿನವಾದರೆ, ನಾವು ನೋಡಿದ್ದು ಸ್ವಲ್ಪವೇ ಎಂದರ್ಥ. ಇಲ್ಲಿಯವರೆಗೆ ನನ್ನದೇನೂ ತಕರಾರಿಲ್ಲ.

ಈ ಕೆಲಸದ ದೊಡ್ಡ ಮಾದರಿ ಒಬ್ಬ ಹೆಣ್ಣುಮಗಳದು ಎಂಬುದು ನನಗೆ ಸಂತೋಷ ತಂದಿತು. ಅಮೆರಿಕದ ಮಾರ್ಗರೆಟ್ ಥಾಂಪ್ಸನ್ 1961ರಲ್ಲಿ ಅಥೆನ್ಸಿನ 'ಹೊಸ ಶೈಲಿ'ಯ ಬೆಳ್ಳಿ ನಾಣ್ಯಗಳ ಬಗ್ಗೆ ದೊಡ್ಡ ಗ್ರಂಥವನ್ನೇ ಹೊರತಂದರು. ಈ ನಾಣ್ಯಗಳಲ್ಲಿ ಗೂಬೆ ಒಂದು ಜಾಡಿಯ ಮೇಲೆ ನಿಂತಿರುತ್ತದೆ. ಜಾಡಿಯ ಮೇಲೆ ತಿಂಗಳನ್ನು ಸೂಚಿಸುವ ಅಕ್ಷರ. ಅಚ್ಚುಗಳನ್ನೂ ಅಕ್ಷರಗಳನ್ನೂ ಹಿಡಿದು ಅವರು ವರ್ಷದ ಹಿಂದೆ ವರ್ಷವನ್ನು ಜೋಡಿಸಿದರು. ಈ ಸಾಲು ಕ್ರಿ.ಪೂ. 196ರ ಸುಮಾರಿಗೆ ಶುರುವಾಗುತ್ತದೆ ಎಂದರು. ಮರುವರ್ಷವೇ ಡಿ. ಎಂ. ಲೂಯಿಸ್ ಅದು ಮೂರು ದಶಕಗಳಷ್ಟು ಈಚಿನದು ಎಂದು ವಾದಿಸಿದರು. ಇಂದು ಹೆಚ್ಚಿನವರು ಒಪ್ಪುವುದು ಈ ಮಾತನ್ನೇ. ಆದರೆ ಥಾಂಪ್ಸನ್ ಜೋಡಿಸಿದ ಸಾಲು ಬಹುಮಟ್ಟಿಗೆ ಹಾಗೇ ನಿಂತಿದೆ. ಕಣ್ಣಾರೆ ಕಂಡು ಜೋಡಿಸಿದ್ದು ಉಳಿಯಿತು, ಊಹಿಸಿದ್ದು ಬದಲಾಯಿತು.

ನನ್ನ ತಕರಾರು ಶುರುವಾಗುವುದು ಗುಣಾಕಾರದಲ್ಲಿ. ಒಂದು ಅಚ್ಚಿನಿಂದ ಎಷ್ಟು ನಾಣ್ಯ ಬಂದಿರಬಹುದು? ಡೆಲ್ಫಿಯ ದೇವಸ್ಥಾನದ ಒಕ್ಕೂಟ ಕ್ರಿ.ಪೂ. 336ರ ಸುಮಾರಿಗೆ ಹಳೆಯ ಬೆಳ್ಳಿಯನ್ನು ಕರಗಿಸಿ ನಾಣ್ಯ ಮಾಡಿಸಿ, ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿಸಿತ್ತು. ಆ ಲೆಕ್ಕವನ್ನೂ ಸಿಕ್ಕ ಅಚ್ಚುಗಳನ್ನೂ ಹೊಂದಿಸಿ 1983ರಲ್ಲಿ ಫಿಲಿಪ್ ಕಿನ್ಸ್ ಹೇಳಿದ್ದು, ದೇವರ ಮುಖದಂಥ ಮುಂಬದಿಯ ಒಂದು ಅಚ್ಚಿಗೆ 23 ಸಾವಿರದಿಂದ 47 ಸಾವಿರ ನಾಣ್ಯ. ಒಂದೇ ಊರಿನಲ್ಲಿ, ಲೆಕ್ಕ ಬರೆದಿಟ್ಟ ಕಡೆಯೂ, ಇಷ್ಟು ಅಂತರ! ಆದರೂ 20 ಸಾವಿರವೋ 30 ಸಾವಿರವೋ ಹಿಡಿದು ಬೇರೆ ಊರುಗಳ ಲೆಕ್ಕವನ್ನೆಲ್ಲ ಅದರಿಂದಲೇ ಗುಣಿಸುತ್ತಾರೆ.

ಇದರಿಂದೇನು ನಷ್ಟ ಎನ್ನಬಹುದು. ನೋಡಿ, ಅಂಥ 1,500 ನಾಣ್ಯಗಳಿಗೆ ಒಂದು ಟ್ಯಾಲೆಂಟ್. ಕ್ರಿ.ಪೂ. 483ರ ಸುಮಾರಿಗೆ ಲಾರಿಯಂ ಗಣಿಯ ಬೆಳ್ಳಿಯಿಂದ ಥೆಮಿಸ್ಟೊಕ್ಲೀಸ್ ಹಡಗು ಕಟ್ಟಿಸಿದಾಗ ಹಡಗಿಗೆ ಒಂದು ಟ್ಯಾಲೆಂಟ್ ಕೊಟ್ಟರೆಂದು ಹಳೆಯ ಗ್ರಂಥವೊಂದು ಹೇಳುತ್ತದೆ. ಹತ್ತು ಅಚ್ಚುಗಳು ಸಿಕ್ಕವೆನ್ನಿ. ಅಚ್ಚಿಗೆ 10 ಸಾವಿರ ನಾಣ್ಯವೆಂದರೆ 66 ಹಡಗಿನ ಬೆಳ್ಳಿಯಾಯಿತು. 40 ಸಾವಿರವೆಂದರೆ 266 ಹಡಗಿನದು. ಒಂದು ಊರು ಯುದ್ಧಕ್ಕೆ ಸಿದ್ಧವಾಗಿತ್ತೋ ಇಲ್ಲವೋ ಎಂಬುದೇ ಆ ಒಂದು ಸಂಖ್ಯೆಯ ಮೇಲೆ ನಿಂತಿದೆ.

1993ರಲ್ಲಿ ಟಿ. ವಿ. ಬಟ್ರಿ ಎಂಬ ವಿದ್ವಾಂಸರು ಈ ಗುಣಾಕಾರವನ್ನು ಕಟುವಾಗಿ ಟೀಕಿಸಿದರು. ಅಚ್ಚು ಸವೆಯುವವರೆಗೂ ಬಳಸಿದರೆಂದು ಹೇಗೆ ಹೇಳುವುದು? ಬೆಳ್ಳಿ ಮುಗಿದಾಗ ಅರ್ಧಕ್ಕೇ ಬಿಟ್ಟಿರಬಹುದಲ್ಲ? ಮರುವರ್ಷದ ಲೇಖನದಲ್ಲಂತೂ ಈ ಲೆಕ್ಕ ಸಾಧ್ಯವೇ ಇಲ್ಲ ಎಂದುಬಿಟ್ಟರು.

ಇದನ್ನು ಓದುವಾಗ ನನಗೆ ನೆನಪಾದದ್ದು ಅಮ್ಮನ ಪೆಟ್ಟಿಗೆ. ಅಮ್ಮ ತೀರಿಕೊಂಡ ಮೇಲೆ ತೆಗೆದು ನೋಡಿದರೆ ಒಂದು ಕುಂಕುಮದ ಭರಣಿ, ಎರಡು ಲೋಟ. "ಅಮ್ಮನ ಬೆಳ್ಳಿ ಇದ್ದದ್ದೇ ಇಷ್ಟು" ಎಂದ ಅಣ್ಣ. ನಾನು ಸುಮ್ಮನಿರಲಿಲ್ಲ. ಸೊಂಟದ ಡಾಬು ಅವನ ಕಾಲೇಜಿನ ಫೀಸಿಗೆ ಹೋದದ್ದನ್ನೂ, ನನ್ನ ಮದುವೆಯ ವರ್ಷ ಊಟದ ತಟ್ಟೆ ಅಕ್ಕಸಾಲಿಗರ ಮೂಸೆಗೆ ಬಿದ್ದದ್ದನ್ನೂ ಕಂಡವಳು ನಾನೊಬ್ಬಳೇ. ಉಳಿದದ್ದನ್ನು ತೂಗಿ ಇದ್ದದ್ದನ್ನು ಹೇಳಿದರೆ, ಸಂಸಾರಕ್ಕಾಗಿ ಕರಗಿಸಿದವಳೇ ಬಡವಿಯಾಗುತ್ತಾಳೆ.

ಗ್ರೀಕರ ಬೆಳ್ಳಿಯೂ ಹಾಗೇ ಕರಗಿತು. ಉಳಿದದ್ದು ಯಾರೋ ಹೂತಿಟ್ಟು ಮರಳಿ ಬಾರದೆ ಹೋದದ್ದು. ಅಥೆನ್ಸಿನ ಹತ್ತು ದ್ರಾಕ್ಮದ ದೊಡ್ಡ ನಾಣ್ಯಗಳು ಹತ್ತಾರು ಮಾತ್ರ ಎಂದುಕೊಂಡಿದ್ದಾಗ, 1984ರಲ್ಲಿ ತುರ್ಕಿಯ ಎಲ್ಮಾಲಿಯಲ್ಲಿ ಸಿಕ್ಕ ಒಂದೇ ನಿಧಿಯಿಂದ ಹೆಚ್ಚುಕಡಿಮೆ ಅಷ್ಟೇ ಮತ್ತೆ ಬಂದವು. ನಿಧಿ ಮಾರಾಟವಾಗಿ ದೇಶ ಬಿಟ್ಟು, 1999ರಲ್ಲಿ ತುರ್ಕಿಗೆ ಮರಳಿತು.

ಹಾಗೆಂದು ಬಟ್ರಿಯವರ ಮಾತನ್ನೂ ಪೂರ್ತಿ ಒಪ್ಪಲಾರೆ. ಬೆಲ್ಜಿಯಂನ ಫ್ರಾಂಸ್ವಾ ದ ಕಲ್ಲತಾಯ್ ಅವರು 1995ರಲ್ಲಿ ಉತ್ತರ ಕೊಟ್ಟು, ಎಚ್ಚರಿಕೆಯಿಂದ ಮಾಡಿದ ಅಂದಾಜಿಗೂ ಬೆಲೆಯುಂಟು ಎಂದು ವಾದಿಸಿದರು. ನನಗೂ ಅದೇ ಸರಿ ಎನಿಸುತ್ತದೆ. ಒಂದು ಊರಿನದು ಐದು ಅಚ್ಚು, ಇನ್ನೊಂದರದು ಇನ್ನೂರು ಎಂದಾದರೆ ದೊಡ್ಡ ಟಂಕಸಾಲೆ ಯಾವುದೆಂದು ಹೇಳಲು ಗುಣಾಕಾರವೇ ಬೇಡ. ಡೆಲ್ಫಿಯ ಕಲ್ಲಿನಂತೆ, ಡಾಬು ಕಂಡ ಮಗಳಂತೆ, ಸಾಕ್ಷಿಯಿದ್ದ ಕಡೆ ಗುಣಿಸಲೂಬಹುದು. ಸಾಕ್ಷಿಯಿಲ್ಲದ ಕಡೆ ಒಂದೇ ಸಂಖ್ಯೆಯನ್ನು ಖಚಿತವಾಗಿ ಬರೆಯುವುದು ಮಾತ್ರ ಅಣ್ಣನ ಮಾತಿನಂತೆಯೇ ಅನ್ಯಾಯ.

ಮೊನ್ನೆ ಮಗಳು ಫೋನಿನಲ್ಲಿ, "ಹಾಗಾದರೆ ನನ್ನ ಪ್ರಬಂಧದಲ್ಲಿ ಎಷ್ಟು ಅಂತ ಬರೆಯಲಿ ಅಮ್ಮಾ?" ಎಂದಳು.

"ಕಂಡ ಅಚ್ಚು ಎಷ್ಟೋ ಅದನ್ನು ಮಸಿಯಲ್ಲಿ ಬರಿ. ಕಡಿಮೆಯೆಂದರೆ ಇಷ್ಟು, ಹೆಚ್ಚೆಂದರೆ ಇಷ್ಟು ಅನ್ನುವುದನ್ನು ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರಿ" ಎಂದೆ. ತಿಂಗಳ ಖರ್ಚಿನ ಪುಸ್ತಕವನ್ನು ನಾನು ಬರೆಯುವುದೂ ಹಾಗೇ.